ಪೈರು ಹೀರುವ ಓಝೋನ್: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯನ್ನು ಕುರಿತ ವಿವೇಚನೆ

ವಾಹನಗಳೂ ಕಾರ್ಖಾನೆಗಳೂ ಉಗುಳುವ ಸಾರಜನಕದ ಆಕ್ಸೈಡುಗಳು ಆವಿಶೀಲ ಸಾವಯವ ದ್ರವ್ಯಗಳೊಡನೆ ಬಿಸಿಲಿನಲ್ಲಿ ವರ್ತಿಸಿದಾಗ ನೆಲದ ಸನಿಹದ ಗಾಳಿಯಲ್ಲಿ ಹುಟ್ಟುವ ಓಝೋನ್, ಪೈರಿಗೆ ಮಾಡುವ ಹಾನಿಯನ್ನು ಗಾಳಿಯಲ್ಲಿರುವ ಪ್ರಮಾಣದಿಂದ ಅಳೆಯಬೇಕೋ, ಎಲೆಯೊಳಕ್ಕೆ ಸೇರಿದ ಪ್ರಮಾಣದಿಂದ ಅಳೆಯಬೇಕೋ ಎಂಬುದೇ ಪ್ರಸ್ತುತ ಲೇಖನದ ವಿಚಾರ. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಕಲಬುರ್ಗಿ ಜಿಲ್ಲೆಯಲ್ಲಿದ್ದ ತಾಂಡೂರೂ ಒಕ್ಕಲುತನವನ್ನು ನೆಚ್ಚಿದ ಸೀಮೆಯಾಗಿದ್ದು, ಒಂದೆಡೆ ಹೈದರಾಬಾದು–ಮುಂಬಯಿ ಹೆದ್ದಾರಿಯನ್ನೂ ಇನ್ನೊಂದೆಡೆ ತಾಂಡೂರಿನ ಸಿಮೆಂಟು ಕಾರ್ಖಾನೆಗಳನ್ನೂ ಒಳಗೊಂಡಿರುವುದರಿಂದ, ಈ ವಿಚಾರಕ್ಕೆ ಯೋಗ್ಯ ಕ್ಷೇತ್ರವಾಗಿದೆ.

ಗಾಳಿಯಲ್ಲಿರುವ ಪ್ರಮಾಣವನ್ನೇ ನೆಚ್ಚಿದ ಹಳೆಯ ಮಾನದಂಡವು ಹಗಲಿನ ಗಾಳಿಯಲ್ಲಿ ಓಝೋನ್ ಶತಕೋಟಿಗೆ 40 ಭಾಗವನ್ನು ಮೀರಿದಷ್ಟನ್ನೂ ಗಂಟೆಗಂಟೆಗೆ ಕೂಡಿಸುತ್ತ ಹೋಗುತ್ತದೆಯೇ ಹೊರತು, ಓಝೋನ್ ಒಳಹೊಗುವ ಮುಖ್ಯದ್ವಾರವಾದ ಪತ್ರರಂಧ್ರವು ಆಗ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಗಣಿಸುವುದಿಲ್ಲ. 1976ರಲ್ಲಿ ಜಾರ್ವಿಸ್ ಎಂಬ ವಿಜ್ಞಾನಿ ತೋರಿದ ಜಾಡನ್ನು ಹಿಡಿದ ಮಾದರಿಗಳಾದರೋ, ಆಯಾ ಬೆಳೆಯ ಪತ್ರರಂಧ್ರಗಳ ಪರಮಾವಧಿ ವಾಹಕತೆಯನ್ನು ಗೊತ್ತುಮಾಡಿಕೊಂಡು, ಬೆಳಕು, ಉಷ್ಣತೆ, ಗಾಳಿಯ ಶುಷ್ಕತೆ, ಮಣ್ಣಿನ ತೇವ, ಪೈರಿನ ವಯಸ್ಸು ಇವುಗಳಿಗೆ ಸೊನ್ನೆಯಿಂದ ಒಂದರವರೆಗಿನ ಗುಣಕಗಳನ್ನಿತ್ತು ಅದನ್ನು ಗುಣಿಸುತ್ತವೆ. ನೀರಾವಿಗೆ ಅಳೆದ ಈ ವಾಹಕತೆಯನ್ನು ಸುಮಾರು 0.66ರಿಂದ ಗುಣಿಸಿದರೆ ಓಝೋನಿನ ವಾಹಕತೆ ದೊರೆಯುತ್ತದೆ; ಎಲೆಯೊಳಗೆ ಓಝೋನ್ ಒಡನೆಯೇ ವರ್ತಿಸಿ ನಾಶವಾಗುವುದರಿಂದ ಅಲ್ಲಿನ ಸಾಂದ್ರತೆಯನ್ನು ಸೊನ್ನೆಯೆಂದೆಣಿಸಿ, ಎಲೆಯ ಮೇಲ್ಮೈಯ ಸಾಂದ್ರತೆಯನ್ನು ಈ ವಾಹಕತೆಯಿಂದ ಗುಣಿಸಿದಾಗ ಹೀರಿಕೆಯ ದರ ತಿಳಿಯುತ್ತದೆ. ಸಸ್ಯವು ತಾನೇ ನಿರ್ವಿಷಗೊಳಿಸಬಲ್ಲ ಅಂಶವನ್ನು ಕಳೆದು, ಉಳಿದುದನ್ನು ಬೆಳೆಯ ಅವಧಿಯುದ್ದಕ್ಕೂ ಕೂಡಿಸಿದ ಮೊತ್ತವೇ ಹಾನಿಯ ಅಳತೆ.

ದಖ್ಖನಿನ ಈ ಭಾಗದಲ್ಲಿ ಓಝೋನ್ ಮಳೆಗಾಲದಲ್ಲಿ ತಗ್ಗಿ, ಬಳಿಕ ಏರುತ್ತ, ಬೇಸಿಗೆಯಲ್ಲಿ ಅಧಿಕವಾಗುವುದರಿಂದ, ಹಳೆಯ ಮಾನದಂಡಕ್ಕೆ ಬೇಸಿಗೆಯೇ ಘೋರಕಾಲವೆಂದು ತೋರುವುದು. ಆದರೆ ಆಗ ಖುಷ್ಕಿ ಹೊಲಗಳು ಬರಿದಾಗಿರುತ್ತವೆ. ಉಳಿದ ಗಿಡಗಳೂ ಒಣಗಾಳಿಗೆ ಅಂಜಿ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ನೀರು ಹಾಯಿಸಿದ ಜಹೀರಾಬಾದಿನ ಕಬ್ಬಿಗೆ ಮಾತ್ರ ಆ ಮರೆ ಅಷ್ಟಾಗಿಲ್ಲ. 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ತಾಂಡೂರಿನ ತೊಗರಿಯು ಹೂವಾಗಿ ಕಾಯಿಕಟ್ಟುವುದು, ಮಳೆ ಹಿಂದೆಗೆದು ಓಝೋನ್ ಏರತೊಡಗಿದರೂ ಎರೆಮಣ್ಣಿನ ತೇವವಿನ್ನೂ ಆರದ ಕಾಲದಲ್ಲಿ. ಆಳಕ್ಕಿಳಿದ ಬೇರುಗಳ ಬಲದಿಂದ ಪತ್ರರಂಧ್ರಗಳನ್ನು ತೆರೆದಿಟ್ಟುಕೊಳ್ಳಬಲ್ಲ ಆ ಗಿಡಕ್ಕೆ ನಿಜವಾದ ಅಪಾಯ ಒದಗಬಹುದಾದದ್ದು ಆಗಲೇ.

ಆದರೆ ಯುರೋಪಿನ ಗೋಧಿ, ಆಲೂಗಡ್ಡೆಗಳಿಗೆ ಹೊಂದಿಸಿದ ಈ ಮಾದರಿಗಳ ಸಂಖ್ಯೆಗಳಲ್ಲಿ ಆಲೂಗಡ್ಡೆಯವನ್ನು ಜಹೀರಾಬಾದಿನ ಆಲೂಗಡ್ಡೆಗೆ ಪರೀಕ್ಷಿಸಿ ನೋಡಬಹುದಾದರೂ, ತೊಗರಿಗಾಗಲಿ, ಪತ್ರರಂಧ್ರಗಳ ವಾಹಕತೆ ಸ್ವಭಾವತಃ ಕಡಿಮೆಯಾದ ಜೋಳಕ್ಕಾಗಲಿ ಅವನ್ನು ಹೊರಿಸುವುದು ಯುಕ್ತವಲ್ಲ. 1972ರಲ್ಲಿ ಸ್ಥಾಪಿತವಾಗಿ, ತೊಗರಿ ಜೋಳಗಳನ್ನೇ ತನ್ನ ಮುಖ್ಯ ಬೆಳೆಗಳಲ್ಲಿ ಎಣಿಸಿಕೊಂಡ ಇಕ್ರಿಸ್ಯಾಟ್ ಸಂಸ್ಥೆ ಇದೇ ಹೆದ್ದಾರಿಯ ಪಟಾನ್‌ಚೆರುವಿನಲ್ಲಿದೆ. ಅಲ್ಲಿಯ ಹಾಗೂ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ವಿದ್ವಾಂಸರು ಈ ಹೊಲಗಳಿಗಿಳಿದು, ಈ ಬೆಳೆಗಳ ಪತ್ರರಂಧ್ರಗಳನ್ನು ಋತುವಿನುದ್ದಕ್ಕೂ ಅಳೆದು, ನಮ್ಮ ನೆಲಕ್ಕೆ ಸಲ್ಲುವ ಗುಣಕಗಳನ್ನು ಸಿದ್ಧಪಡಿಸಬೇಕೆಂದು ಪ್ರಾರ್ಥಿಸುತ್ತೇನೆ.