ಯಿಗಾಲ್ ಎರ್ಲಿಖ್ ಮತ್ತು ಯೋಜ್ಮಾ ನಿಧಿ: ಸರ್ಕಾರಿ ಸಾಹಸೋದ್ಯಮ ಬಂಡವಾಳದ ಪರಿಚಯ

ಪೀಠಿಕೆ

ನೂತನ ತಂತ್ರಜ್ಞಾನವನ್ನು ಆಧರಿಸಿ ಆರಂಭವಾಗುವ ಉದ್ದಿಮೆಗಳಿಗೆ ಅಡಮಾನ ನೀಡಲು ಆಸ್ತಿ ಇರುವುದಿಲ್ಲ; ಲಾಭ ಬರುವ ಕಾಲವೂ ನಿಶ್ಚಿತವಲ್ಲ. ಆದಕಾರಣ ಬ್ಯಾಂಕುಗಳು ಇವುಗಳಿಗೆ ಸಾಲ ನೀಡಲು ಹಿಂಜರಿಯುತ್ತವೆ. ಸಾಲದ ಬದಲು ಷೇರಿನ ರೂಪದಲ್ಲಿ ಹಣ ತೊಡಗಿಸಿ, ಲಾಭ ನಷ್ಟಗಳೆರಡನ್ನೂ ಉದ್ಯಮಿಯೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆಯೇ ಸಾಹಸೋದ್ಯಮ ಬಂಡವಾಳ, ಅಂದರೆ ವೆಂಚರ್ ಕ್ಯಾಪಿಟಲ್. ಸಾರ್ವಜನಿಕ ಹಣದ ಮೂಲಕ ಇಂತಹ ವ್ಯವಸ್ಥೆಗೆ ಅಡಿಪಾಯ ಹಾಕಿದ ಅಧಿಕಾರಿಗಳಲ್ಲಿ ಇಸ್ರೇಲಿನ ಶ್ರೀ ಯಿಗಾಲ್ ಎರ್ಲಿಖ್ ಪ್ರಮುಖರು. ಅವರ ಸೇವಾವಧಿಯ ಮುಖ್ಯ ಘಟ್ಟಗಳನ್ನೂ ಅವರು ರೂಪಿಸಿದ ಯೋಜ್ಮಾ ಕಾರ್ಯಕ್ರಮದ ವಿವರಗಳನ್ನೂ ಇಲ್ಲಿ ನೀಡಲಾಗಿದೆ.

ಮುಖ್ಯ ವಿಜ್ಞಾನಿಯಾಗಿ ಸೇವೆ

ಶ್ರೀ ಎರ್ಲಿಖ್ ಅವರು 1984ರಿಂದ 1992ರವರೆಗೆ ಇಸ್ರೇಲಿನ ಕೈಗಾರಿಕೆ ಮತ್ತು ವಾಣಿಜ್ಯ ಸಚಿವಾಲಯದ ಮುಖ್ಯ ವಿಜ್ಞಾನಿಯಾಗಿದ್ದರು. ಹುದ್ದೆಯ ಹೆಸರು ವಿಜ್ಞಾನಕ್ಕೆ ಸಂಬಂಧಿಸಿದ್ದರೂ ಅದರ ಹೊಣೆ ಆಡಳಿತಕ್ಕೆ ಸೇರಿದ್ದು. ಕೈಗಾರಿಕಾ ಸಂಶೋಧನೆಗೆ ಅನುದಾನ ಮಂಜೂರು ಮಾಡುವುದು ಈ ಕಚೇರಿಯ ಮುಖ್ಯ ಕಾರ್ಯವಾಗಿತ್ತು. ಅನುದಾನ ಪಡೆದ ಉತ್ಪನ್ನ ಯಶಸ್ವಿಯಾದಲ್ಲಿ ಮಾರಾಟದ ಮೇಲಿನ ರಾಯಲ್ಟಿ ಮೂಲಕ ಹಣ ಹಿಂದಿರುಗುತ್ತಿತ್ತು. ವಿಫಲವಾದಲ್ಲಿ ಮರುಪಾವತಿ ಇರುತ್ತಿರಲಿಲ್ಲ.

ಈ ಅವಧಿಯಲ್ಲಿ ಎರಡು ಬೆಳವಣಿಗೆಗಳು ಸರ್ಕಾರದ ಮೇಲೆ ಒತ್ತಡ ತಂದವು. 1987ರಲ್ಲಿ ಲಾವಿ ಯುದ್ಧವಿಮಾನ ಯೋಜನೆ ರದ್ದಾಗಿ ಅನೇಕ ಎಂಜಿನಿಯರುಗಳು ಕೆಲಸ ಕಳೆದುಕೊಂಡರು. 1989ರಿಂದ ಸೋವಿಯತ್ ಒಕ್ಕೂಟದಿಂದ ಭಾರಿ ಸಂಖ್ಯೆಯ ವಲಸಿಗರು ಬರತೊಡಗಿದರು. ಅವರಲ್ಲಿ ವಿಜ್ಞಾನಿಗಳೂ ತಂತ್ರಜ್ಞರೂ ಬಹಳವಿದ್ದರು. ಅವರ ಪರಿಣತಿಯನ್ನು ಬಳಸಿಕೊಳ್ಳುವ ಉದ್ದೇಶವನ್ನೂ ಒಳಗೊಂಡು 1991ರಲ್ಲಿ ಮುಖ್ಯ ವಿಜ್ಞಾನಿಯ ಕಚೇರಿಯು ತಂತ್ರಜ್ಞಾನ ಪೋಷಣಾ ಕೇಂದ್ರಗಳ ಕಾರ್ಯಕ್ರಮವನ್ನು ಆರಂಭಿಸಿತು.

ಅನುದಾನದ ಫಲಿತಾಂಶಗಳನ್ನು ಪರಿಶೀಲಿಸಿದಾಗ ಒಂದು ಕೊರತೆ ಸ್ಪಷ್ಟವಾಯಿತು. ಅನೇಕ ಸಂಸ್ಥೆಗಳು ಉತ್ಪನ್ನವನ್ನು ತಾಂತ್ರಿಕವಾಗಿ ಸಿದ್ಧಪಡಿಸುತ್ತಿದ್ದವು. ಆದರೆ ಮಾರುಕಟ್ಟೆ, ನಿರ್ವಹಣೆ ಮತ್ತು ವಿದೇಶಿ ಸಂಪರ್ಕದ ಕೊರತೆಯಿಂದ ಮುಂದೆ ಬೆಳೆಯುತ್ತಿರಲಿಲ್ಲ. ಹಣದ ಜೊತೆಗೆ ಅನುಭವವನ್ನೂ ನೀಡಬಲ್ಲ ಹೂಡಿಕೆದಾರರ ಅಗತ್ಯವಿತ್ತು.

ಇನ್ಬಾಲ್: ಮೊದಲ ಪ್ರಯತ್ನ

1992ರಲ್ಲಿ ಹಣಕಾಸು ಸಚಿವಾಲಯವು ಇನ್ಬಾಲ್ ಎಂಬ ಸರ್ಕಾರಿ ವಿಮಾ ಕಂಪನಿಯ ಮೂಲಕ ಬೇರೊಂದು ಮಾರ್ಗವನ್ನು ಅನುಸರಿಸಿತು. ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಸಾಹಸೋದ್ಯಮ ನಿಧಿಗಳಿಗೆ ಶೇ. 70ರವರೆಗೆ ನಷ್ಟದ ಖಾತರಿ ನೀಡಲಾಯಿತು. ಈ ಯೋಜನೆಯಡಿ ನಾಲ್ಕು ನಿಧಿಗಳು ಸ್ಥಾಪನೆಯಾದರೂ ನಿರೀಕ್ಷಿತ ಫಲ ದೊರೆಯಲಿಲ್ಲ. ನಷ್ಟಕ್ಕೆ ರಕ್ಷಣೆ ಇದ್ದಿತೇ ಹೊರತು ಉತ್ತಮ ಉದ್ದಿಮೆಯನ್ನು ಹುಡುಕಿ ಬೆಳೆಸಲು ಪ್ರೇರಣೆ ಇರಲಿಲ್ಲ. ವರದಿ ಸಲ್ಲಿಕೆಯ ಹೊರೆಯೂ ಹೆಚ್ಚಾಗಿತ್ತು.

ಯೋಜ್ಮಾ ಕಾರ್ಯಕ್ರಮದ ಮುಖ್ಯಾಂಶಗಳು

ಹೀಬ್ರೂ ಭಾಷೆಯಲ್ಲಿ ಯೋಜ್ಮಾ ಎಂದರೆ ಉಪಕ್ರಮ ಎಂದರ್ಥ. 1993ರಲ್ಲಿ 10 ಕೋಟಿ ಡಾಲರ್ ಸರ್ಕಾರಿ ಬಂಡವಾಳದೊಂದಿಗೆ ಈ ಕಾರ್ಯಕ್ರಮ ಶ್ರೀ ಎರ್ಲಿಖ್ ಅವರ ನೇತೃತ್ವದಲ್ಲಿ ಆರಂಭವಾಯಿತು.

1. ಬಂಡವಾಳದಲ್ಲಿ 8 ಕೋಟಿ ಡಾಲರನ್ನು ಹತ್ತು ಖಾಸಗಿ ನಿಧಿಗಳಿಗೂ, ಉಳಿದ 2 ಕೋಟಿ ಡಾಲರನ್ನು ಯೋಜ್ಮಾದ ನೇರ ಹೂಡಿಕೆಗೂ ಮೀಸಲಿಡಲಾಯಿತು.
2. ಪ್ರತಿ ನಿಧಿಯಲ್ಲಿ ಸರ್ಕಾರದ ಪಾಲು ಶೇ. 40ನ್ನು ಮೀರುವಂತಿರಲಿಲ್ಲ.
3. ಪ್ರತಿ ನಿಧಿಯಲ್ಲೂ ಒಂದು ಇಸ್ರೇಲಿ ಹಣಕಾಸು ಸಂಸ್ಥೆ ಹಾಗೂ ಅನುಭವವುಳ್ಳ ಒಂದು ವಿದೇಶಿ ಹೂಡಿಕೆ ಸಂಸ್ಥೆ ಪಾಲುದಾರರಾಗಿರಬೇಕಿತ್ತು.
4. ನಷ್ಟಕ್ಕೆ ಯಾವುದೇ ಖಾತರಿ ಇರಲಿಲ್ಲ. ಬದಲಿಗೆ, ಐದು ವರ್ಷಗಳೊಳಗೆ ಸರ್ಕಾರದ ಪಾಲನ್ನು ಮೂಲ ಬೆಲೆಗೆ ಬಡ್ಡಿ ಸೇರಿಸಿ ಕೊಳ್ಳುವ ಹಕ್ಕನ್ನು ಖಾಸಗಿ ಪಾಲುದಾರರಿಗೆ ನೀಡಲಾಯಿತು.

ನಾಲ್ಕನೆಯ ಷರತ್ತಿನ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2 ಕೋಟಿ ಡಾಲರಿನ ನಿಧಿಯಲ್ಲಿ ಸರ್ಕಾರದ್ದು 80 ಲಕ್ಷ, ಖಾಸಗಿಯವರದು 1 ಕೋಟಿ 20 ಲಕ್ಷ ಎಂದಿಟ್ಟುಕೊಳ್ಳೋಣ. ನಿಧಿಯ ಮೌಲ್ಯ ಇಮ್ಮಡಿಯಾದಲ್ಲಿ ಸರ್ಕಾರದ ಪಾಲಿನ ಬೆಲೆ 1 ಕೋಟಿ 60 ಲಕ್ಷ. ಅದನ್ನು ಪಾಲುದಾರರು 80 ಲಕ್ಷ ಮತ್ತು ಬಡ್ಡಿಯನ್ನಷ್ಟೇ ಕೊಟ್ಟು ಪಡೆಯಬಹುದಿತ್ತು. ಮೌಲ್ಯ ಅರ್ಧಕ್ಕಿಳಿದರೆ ಮಾತ್ರ ಅವರು ತಮ್ಮ 60 ಲಕ್ಷದ ನಷ್ಟವನ್ನು ತಾವೇ ಭರಿಸಬೇಕಿತ್ತು. ಯಶಸ್ಸಿಗೆ ಹೆಚ್ಚಿನ ಪ್ರತಿಫಲ, ಸೋಲಿಗೆ ರಿಯಾಯಿತಿ ಇಲ್ಲ ಎಂಬುದೇ ಇದರ ತಿರುಳು. ಇನ್ಬಾಲ್ ಯೋಜನೆಯ ಕ್ರಮ ಇದಕ್ಕೆ ವಿರುದ್ಧವಾಗಿತ್ತು.

ಅನುಷ್ಠಾನ ಮತ್ತು ಸರ್ಕಾರದ ನಿರ್ಗಮನ

ಮೊದಲ ನಿಧಿಯಾದ ಜೆಮಿನಿಯು 1993ರಲ್ಲಿ ಅಮೆರಿಕದ ಅಡ್ವೆಂಟ್ ಸಂಸ್ಥೆಯ ಸಹಭಾಗಿತ್ವದಲ್ಲಿ ಸ್ಥಾಪನೆಯಾಯಿತು. ಅಮೆರಿಕ ಮತ್ತು ಇಸ್ರೇಲ್ ಸರ್ಕಾರಗಳ ಜಂಟಿ ಸಂಶೋಧನಾ ಪ್ರತಿಷ್ಠಾನವಾದ ಬರ್ಡ್‌ನ ಮುಖ್ಯಸ್ಥರಾಗಿದ್ದ ಶ್ರೀ ಎಡ್ ಮ್ಲಾವ್ಸ್ಕಿ ಇದರ ಸ್ಥಾಪಕರಲ್ಲಿ ಒಬ್ಬರು. ಉಳಿದ ಒಂಬತ್ತು ನಿಧಿಗಳೂ ರಚನೆಯಾದವು. ಹತ್ತರಲ್ಲಿ ಎಂಟು ನಿಧಿಗಳು ಸರ್ಕಾರದ ಪಾಲನ್ನು ಕೊಂಡುಕೊಂಡವು. ದಶಕ ಮುಗಿಯುವ ಮುನ್ನವೇ ಯೋಜ್ಮಾ ಖಾಸಗೀಕರಣಗೊಂಡಿತು. ಬಳಿಕ ಶ್ರೀ ಎರ್ಲಿಖ್ ಅವರು ಯೋಜ್ಮಾ ಹೆಸರಿನ ಖಾಸಗಿ ನಿಧಿಗಳನ್ನು ಮುನ್ನಡೆಸಿದರು. ನ್ಯೂಜಿಲೆಂಡ್ 2002ರಲ್ಲಿ ಆರಂಭಿಸಿದ ಸಾಹಸೋದ್ಯಮ ಹೂಡಿಕೆ ನಿಧಿಯಲ್ಲೂ ಸರ್ಕಾರದ ಪಾಲನ್ನು ಕೊಳ್ಳುವ ಹಕ್ಕನ್ನು ಅಳವಡಿಸಲಾಯಿತು.

ಮಿತಿಗಳು

ಇಸ್ರೇಲಿನ ತಂತ್ರಜ್ಞಾನ ಉದ್ದಿಮೆಯ ಬೆಳವಣಿಗೆಗೆ ಯೋಜ್ಮಾ ಒಂದೇ ಕಾರಣವೆಂದು ಹೇಳಲಾಗದು. ರಕ್ಷಣಾ ಸಂಶೋಧನೆ, ವಲಸೆ ಬಂದ ತಂತ್ರಜ್ಞರು, ಹಿಂದಿನ ಅನುದಾನಗಳು ಹಾಗೂ ಅಮೆರಿಕದ ನಾಸ್ಡಾಕ್ ಮಾರುಕಟ್ಟೆಯ ಏರಿಕೆ ಇವೆಲ್ಲವೂ ಸೇರಿದ್ದವು. ಅಲ್ಲದೆ, ಪಾಲನ್ನು ಅಗ್ಗದ ಬೆಲೆಗೆ ಬಿಟ್ಟುಕೊಟ್ಟಿದ್ದರಿಂದ ಬೊಕ್ಕಸಕ್ಕೆ ಬರಬಹುದಾಗಿದ್ದ ಲಾಭ ಕೈತಪ್ಪಿತು. ಲಾಭ ಗಳಿಕೆಗಿಂತ ದೇಶದಲ್ಲಿ ಹೂಡಿಕೆ ಉದ್ಯಮವೊಂದು ಬೇರೂರುವುದೇ ಮುಖ್ಯವೆಂಬ ನಿರ್ಧಾರ ಕಾರ್ಯಕ್ರಮದ ಷರತ್ತುಗಳಲ್ಲೇ ಅಡಕವಾಗಿತ್ತು.

ಉಪಸಂಹಾರ

ಸಾರ್ವಜನಿಕ ಹಣವನ್ನು ಅನಿಶ್ಚಿತ ಉದ್ದಿಮೆಗಳಲ್ಲಿ ತೊಡಗಿಸುವ ಅಧಿಕಾರಿಯು ಆ ಹಣಕ್ಕೆ ಲೆಕ್ಕ ಕೊಡಬೇಕಾದವನು. ಯಾವ ಉದ್ದಿಮೆ ಗೆಲ್ಲುವುದೆಂದು ಕಚೇರಿಯಲ್ಲಿ ಕುಳಿತು ನಿರ್ಧರಿಸುವ ಬದಲು, ತಮ್ಮ ಸ್ವಂತ ಹಣವನ್ನೂ ತೊಡಗಿಸಿದವರಿಗೆ ಆ ಆಯ್ಕೆಯನ್ನು ಬಿಟ್ಟುಕೊಟ್ಟು, ಸರ್ಕಾರ ಹೊರಬರುವ ದಾರಿಯನ್ನು ಮೊದಲ ದಿನವೇ ಕರಾರಿನಲ್ಲಿ ಬರೆದಿರಿಸಿದುದು ಶ್ರೀ ಎರ್ಲಿಖ್ ಅವರ ಕಾರ್ಯದ ವೈಶಿಷ್ಟ್ಯವಾಗಿದೆ.