ಹಳಿಯಾಳ ಸೀಮೆಯ ಯುದ್ಧಪದಕಗಳು: ಗುರುತು, ಕಾಲನಿರ್ಣಯ ಮತ್ತು ದಾಖಲೀಕರಣ

ಐರೋಪ್ಯ ಪ್ರಭುತ್ವಗಳು ತಮ್ಮ ಸೈನಿಕರಿಗೂ ನೌಕರರಿಗೂ ಕೊಟ್ಟ ಪದಕಗಳನ್ನು ಕರ್ನಾಟಕದ ಇತಿಹಾಸ ಸಂಶೋಧನೆಯು ಬಹುಮಟ್ಟಿಗೆ ಹವ್ಯಾಸಿ ಸಂಗ್ರಾಹಕರ ಪಾಲಿಗೇ ಬಿಟ್ಟಿದೆ. ಶಾಸನ, ತಾಳೆಗರಿ, ವೀರಗಲ್ಲು ಮತ್ತು ನಾಣ್ಯಗಳಿಗೆ ಸಂದಷ್ಟು ಶಾಸ್ತ್ರೀಯ ಗಮನ ಈ ಸಣ್ಣ ಲೋಹದ ಬಿಲ್ಲೆಗಳಿಗೆ ಸಂದಿಲ್ಲ. ಆದರೆ ಸಾಮಾನ್ಯ ಸಿಪಾಯಿಯೊಬ್ಬನ ಹೆಸರು, ಹುದ್ದೆ ಮತ್ತು ಪಲ್ಟನ್ನನ್ನು ಅವನ ಕಾಲದಲ್ಲೇ ಅಚ್ಚೊತ್ತಿ ಉಳಿಸಿದ ಸಾಧನಗಳು ಬೇರೆ ಹೆಚ್ಚೇನೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು ಇಂಥ ಪದಕಗಳನ್ನು ಗುರುತಿಸುವ, ಕಾಲ ನಿರ್ಣಯಿಸುವ ಮತ್ತು ದಾಖಲಿಸುವ ಕ್ರಮವೊಂದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಪದಕದ ಬೆಲೆ ಅದರ ಲೋಹದಲ್ಲಿಲ್ಲ, ಅದು ಯಾರಿಗೆ ಸಂದಿತು ಎಂಬ ನಿಶ್ಚಯದಲ್ಲಿದೆ; ಆದ್ದರಿಂದ ಈ ಸೀಮೆಯಲ್ಲಿ ಪದಕಗಳನ್ನು ಕೊಳ್ಳುವುದಕ್ಕಿಂತ ಮನೆಗಳಲ್ಲಿರುವಂತೆಯೇ ದಾಖಲಿಸುವುದೇ ಸರಿಯಾದ ಸಂಗ್ರಹ ಎಂಬುದು ಇಲ್ಲಿನ ಪ್ರತಿಪಾದನೆ.

ಸೀಮೆಯ ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಸಕಾರಣಗಳಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಆ ವರ್ಷಗಳಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪತ್ರವ್ಯವಹಾರದಲ್ಲಿ ಹಳಿಯಾಳವು ಮಹತ್ವದ ಗಡಿಠಾಣೆಯಾಗಿ ಮತ್ತೆ ಮತ್ತೆ ಬರುತ್ತದೆ. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾದುದರಿಂದ ಇಲ್ಲಿನ ಆಡಳಿತದ ಸಂಬಂಧಗಳು ಮುಂಬಯಿಯತ್ತ ತಿರುಗಿದವು. ಹಳಿಯಾಳದಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಮರಾಠಾ ಮನೆತನಗಳಿಗೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವು ಹತ್ತಿರದ ಸೇನಾನೆಲೆ. ಇತ್ತ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್, 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗುವವರೆಗೂ ಪೋರ್ಚುಗೀಸ್ ಆಡಳಿತದ ನೆಲಕ್ಕೆ ತಾಗಿದ ರೈಲು ಗಡಿಯಾಗಿತ್ತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸತಿಯಿರುವುದರಿಂದ ಟಿಬೆಟಿಗೆ ಸಂಬಂಧಿಸಿದ ಬ್ರಿಟಿಷ್ ಪದಕಗಳೂ ಅಲ್ಲಿ ದೊರೆಯಬಹುದು. ಹೀಗಾಗಿ ಬ್ರಿಟಿಷ್ ಮತ್ತು ಪೋರ್ಚುಗೀಸ್ ಎಂಬ ಎರಡು ಐರೋಪ್ಯ ಪದಕ ಪದ್ಧತಿಗಳನ್ನು ಒಟ್ಟಿಗೆ ಅರಿತುಕೊಳ್ಳಬೇಕಾದ ಪ್ರದೇಶವಿದು.

ಪದಕಗಳ ವರ್ಗಗಳು

ಗುರುತಿಸುವ ಕೆಲಸ ವರ್ಗೀಕರಣದಿಂದ ಮೊದಲಾಗಬೇಕು. ಆರ್ಡರ್ ಎಂಬುದು ಸ್ಥಾನಮಾನದ ಗೌರವ. ಅದನ್ನು ಪಡೆದವರು ನಿಯಮಬದ್ಧವಾದ ಒಂದು ಸದಸ್ಯಮಂಡಲಕ್ಕೆ ಸೇರುತ್ತಾರೆ. ಶೌರ್ಯಪದಕವು ನಿರ್ದಿಷ್ಟ ಸಾಹಸಕ್ಕೆ ಸಲ್ಲುವಂಥದು. ದಂಡಯಾತ್ರೆಯ ಪದಕವು ಗೊತ್ತಾದ ಯುದ್ಧಭೂಮಿಯಲ್ಲಿ ಗೊತ್ತಾದ ಅವಧಿಯಲ್ಲಿ ಸೇವೆ ಮಾಡಿದವರೆಲ್ಲರಿಗೂ ಸಲ್ಲುತ್ತದೆ. ಸ್ಮಾರಕ ಪದಕವು ಪಟ್ಟಾಭಿಷೇಕ, ದರ್ಬಾರುಗಳಂಥ ಸಂದರ್ಭಗಳದು. ಮನೆಮಂದಿ ಇವೆಲ್ಲವನ್ನೂ ಶೌರ್ಯಕ್ಕೆ ಬಂದ ಮೆಡಲ್ ಎಂದೇ ನೆನೆಯುವುದುಂಟು. ಆ ಅಭಿಮಾನವನ್ನು ಗೌರವಿಸುತ್ತಲೇ ಸಂಶೋಧಕನು ವರ್ಗವನ್ನು ಬೇರ್ಪಡಿಸಿ ಬರೆಯಬೇಕಾಗುತ್ತದೆ.

ಭಾರತೀಯ ಸೈನಿಕರ ಶೌರ್ಯಗೌರವಗಳಲ್ಲಿ ಹಳೆಯದು 1837ರಲ್ಲಿ ಕಂಪನಿ ಸ್ಥಾಪಿಸಿದ ಇಂಡಿಯನ್ ಆರ್ಡರ್ ಆಫ್ ಮೆರಿಟ್. 1907ರಲ್ಲಿ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಬಂದಿತು. ಮೊದಲನೆಯದರ ರಿಬ್ಬನ್ನಿಗೆ ಕಡುನೀಲಿಯ ನಡುವೂ ಕಡುಕೆಂಪಿನ ಅಂಚುಗಳೂ ಇದ್ದರೆ, ಎರಡನೆಯದಕ್ಕೆ ಕಡುಕೆಂಪಿನ ನಡುವೂ ಕಡುನೀಲಿಯ ಅಂಚುಗಳೂ ಇವೆ. ಬಿಲ್ಲೆ ಕಳೆದುಹೋಗಿ ಸಮವಸ್ತ್ರದ ಮೇಲಿನ ರಿಬ್ಬನ್ನಿನ ತುಂಡಷ್ಟೇ ಉಳಿದಿರುವಾಗ ಈ ಬಣ್ಣದ ಕ್ರಮವೇ ನಿರ್ಣಾಯಕವಾಗುತ್ತದೆ. ಭಾರತೀಯ ಸೈನಿಕರಿಗೂ ವಿಕ್ಟೋರಿಯಾ ಕ್ರಾಸ್ ಸಲ್ಲಬಹುದೆಂದು 1911ರ ದೆಹಲಿ ದರ್ಬಾರಿನಲ್ಲಿ ಘೋಷಣೆಯಾಯಿತು. ಅದರಿಂದಾಗಿ ಆರ್ಡರ್ ಆಫ್ ಮೆರಿಟ್ಟಿನ ಅಂದಿನ ಮೊದಲ ದರ್ಜೆ ರದ್ದಾಯಿತು.

ಕರ್ನಾಟಕದ ಯುದ್ಧಗಳಿಗೆ ನೇರವಾಗಿ ಸಂಬಂಧಿಸಿದ ಎರಡು ಪದಕಗಳನ್ನು ಇಲ್ಲಿ ಹೆಸರಿಸಬೇಕು. 1790-92ರ ಮೈಸೂರು ಯುದ್ಧದ ಪದಕದಲ್ಲಿ ಉರುಳಿಬಿದ್ದ ಫಿರಂಗಿಯ ಮೇಲೆ ಕಾಲಿಟ್ಟ ಸಿಪಾಯಿಯ ಚಿತ್ರವಿದೆ. 1799ರ ಶ್ರೀರಂಗಪಟ್ಟಣ ಪದಕದ ಒಂದು ಮುಖದಲ್ಲಿ ಸಿಂಹವು ಹುಲಿಯನ್ನು ಕೆಡವಿರುವ ದೃಶ್ಯವೂ ಇನ್ನೊಂದರಲ್ಲಿ ಕೋಟೆಯ ಮೇಲಿನ ಮುತ್ತಿಗೆಯ ದೃಶ್ಯವೂ ಪರ್ಷಿಯನ್ ಬರಹವೂ ಇವೆ. ಶ್ರೀರಂಗಪಟ್ಟಣ ಪದಕವು ಇಂಗ್ಲೆಂಡಿನ ಸೋಹೊ ಟಂಕಸಾಲೆಯಲ್ಲಿ ಸುಮಾರು 48 ಮಿಲಿಮೀಟರ್, ಕಲ್ಕತ್ತೆಯಲ್ಲಿ ಸುಮಾರು 45 ಮಿಲಿಮೀಟರ್ ವ್ಯಾಸದಲ್ಲಿ ತಯಾರಾದುದರಿಂದ, ಅಳತೆ ಹಿಡಿದೇ ಅದರ ಮೂಲ ಹೇಳಬಹುದು. ಆದರೆ ಇವು ಹೆಸರಿಲ್ಲದೆ ವಿತರಣೆಯಾದ ಪದಕಗಳಾದುದರಿಂದ, ಯಾವ ಮನೆತನಕ್ಕೆ ಸೇರಿದವೆಂಬುದನ್ನು ಬೇರೆ ದಾಖಲೆಗಳಿಂದಲೇ ಸ್ಥಾಪಿಸಬೇಕಾಗುತ್ತದೆ.

ಅಂಚಿನ ಬರಹ ಮತ್ತು ಪಲ್ಟನ್ನಿನ ಹೆಸರು

ಬ್ರಿಟಿಷ್ ಪದ್ಧತಿಯಲ್ಲಿ ದುಂಡು ಪದಕವಾದರೆ ಅದರ ದಪ್ಪ ಅಂಚಿನ ಮೇಲೆ, ನಕ್ಷತ್ರಾಕಾರದ್ದಾದರೆ ಹಿಂಬದಿಯಲ್ಲಿ, ಪಡೆದವನ ಕ್ರಮಾಂಕ, ಹುದ್ದೆ, ಹೆಸರು ಮತ್ತು ಪಲ್ಟನ್ನನ್ನು ರೋಮನ್ ಅಕ್ಷರಗಳಲ್ಲಿ ಅಚ್ಚೊತ್ತುವ ರೂಢಿಯಿತ್ತು. ಮುಂಬದಿಯ ರಾಜಮುಖ ಲಕ್ಷಾಂತರ ಪ್ರತಿಗಳಿಗೆ ಸಮಾನವಾಗಿದ್ದರೆ, ಅಂಚಿನ ಸಾಲು ಒಬ್ಬನೇ ಒಬ್ಬನಿಗೆ ಸೇರಿದ್ದು. ಇದನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಸಿಪಾಯಿ, ನಾಯಕ್, ಹವಾಲ್ದಾರ್, ಜಮಾದಾರ್, ಸುಬೇದಾರ್ ಎಂಬ ಹುದ್ದೆಗಳು ಮೊಟಕಾದ ರೂಪದಲ್ಲಿರುತ್ತವೆ. ಎರಡನೆಯದಾಗಿ, ಸೈನಿಕರ ಹೆಸರನ್ನು ಇಂಗ್ಲಿಷ್ ಗುಮಾಸ್ತರು ತಮಗೆ ಕೇಳಿದಂತೆ ಬರೆದುಕೊಂಡಿರುವುದರಿಂದ ಒಂದೇ ಅಡ್ಡಹೆಸರು ಹಲವು ಕಾಗುಣಿತಗಳಲ್ಲಿ ಸಿಗುತ್ತದೆ. ಮೂರನೆಯದಾಗಿ, ಮೊದಲ ಮಹಾಯುದ್ಧದ ಕಾಲದ ಕ್ರಮಾಂಕಗಳು ಆಯಾ ಪಲ್ಟನ್ನಿನೊಳಗೆ ಮಾತ್ರ ವಿಶಿಷ್ಟವಾದವು. ಅದೇ ಅಂಕಿ ಬೇರೆ ಪಲ್ಟನ್ನಿನ ಇನ್ನೊಬ್ಬನಿಗೂ ಇದ್ದೀತು. ಆದ್ದರಿಂದ ಕ್ರಮಾಂಕ ಮತ್ತು ಪಲ್ಟನ್ನನ್ನು ಜೋಡಿಯಾಗಿಯೇ ಗ್ರಹಿಸಬೇಕು.

ಪಲ್ಟನ್ನಿನ ಹೆಸರು ಕಾಲನಿರ್ಣಯಕ್ಕೂ ಆಧಾರ. 1922ರ ಪುನಾರಚನೆಯಲ್ಲಿ ಮರಾಠಾ ಪಲ್ಟನ್ನುಗಳೆಲ್ಲ ಐದನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ಎಂಬ ಒಂದೇ ರೆಜಿಮೆಂಟಿನಡಿ ಬಂದವು: 103ನೆಯದು ಮೊದಲ ಬಟಾಲಿಯನ್, 105ನೆಯದು ಎರಡನೆಯದು, 110ನೆಯದು ಮೂರನೆಯದು, 116ನೆಯದು ನಾಲ್ಕನೆಯದು, 117ನೆಯದು ಐದನೆಯದು, 114ನೆಯದು ತರಬೇತಿಯ ಹತ್ತನೆಯ ಬಟಾಲಿಯನ್ ಆದವು. ಹಾಗಾಗಿ ಅಂಚಿನಲ್ಲಿ ಮೂರಂಕಿಯ ಮರಾಠಾ ಪಲ್ಟನ್ ಕಂಡರೆ ಆ ಸೇವೆ 1922ಕ್ಕಿಂತ ಹಿಂದಿನದೆಂದೂ, ಬಟಾಲಿಯನ್ನಿನ ಅಂಕಿಯ ಜೊತೆಗೆ ಐದರ ಅಂಕಿ ಕಂಡರೆ ಅನಂತರದ್ದೆಂದೂ ತಿಳಿಯಬಹುದು.

ಮೊದಲ ಮಹಾಯುದ್ಧದ ಪದಕಗಳು

1914-15ರ ನಕ್ಷತ್ರ, ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಎಂಬ ಮೂರು ಪದಕಗಳ ಗುಚ್ಛ ಈ ಯುದ್ಧದ ಮುಖ್ಯ ಸಾಕ್ಷ್ಯ. ಮೊದಲನೆಯದು ಅಡ್ಡಲಾದ ಕತ್ತಿಗಳಿರುವ ಕಂಚಿನ ನಕ್ಷತ್ರ. 1915ರ ಡಿಸೆಂಬರ್ 31ರೊಳಗೆ ಯುದ್ಧಭೂಮಿಗೆ ಕಾಲಿಟ್ಟವರಿಗೆ ಸಂದದ್ದು. ಎರಡನೆಯದು ವಿಲಿಯಂ ಮೆಕ್‌ಮಿಲನ್ ರೂಪಿಸಿದ 36 ಮಿಲಿಮೀಟರಿನ ಬೆಳ್ಳಿಯ ಬಿಲ್ಲೆ. ಹಿಂಬದಿಯಲ್ಲಿ ಕುದುರೆಯೇರಿದ ಪುರುಷನಿದ್ದಾನೆ. ಕಾರ್ಮಿಕ ದಳಗಳ ಹಲವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಡಲಾಯಿತು. ಆದ್ದರಿಂದ ಕಂಚಿನ ಪ್ರತಿ ಕಂಡಕೂಡಲೇ ಅದನ್ನು ನಕಲೆಂದು ತಳ್ಳಿಹಾಕುವುದು ತಪ್ಪು. ಮೂರನೆಯದರಲ್ಲಿ ರೆಕ್ಕೆಯುಳ್ಳ ವಿಜಯದೇವಿಯೂ ಕಾಮನಬಿಲ್ಲಿನ ಬಣ್ಣಗಳು ಎರಡು ಸಲ ಕೂಡಿದ ರಿಬ್ಬನ್ನೂ ಇವೆ. ಮಿತ್ರರಾಷ್ಟ್ರಗಳು ಇದೇ ರಿಬ್ಬನ್ನಿನೊಂದಿಗೆ ತಂತಮ್ಮ ವಿಕ್ಟರಿ ಮೆಡಲನ್ನು ಹೊರಡಿಸಿದವು. ಪೋರ್ಚುಗಲ್ ಕೂಡ ಅವುಗಳಲ್ಲಿ ಒಂದು. ಆದ್ದರಿಂದ ಗೋವಾ ಗಡಿಯ ಊರುಗಳಲ್ಲಿ ರಿಬ್ಬನ್ನಿನ ಬಣ್ಣವನ್ನಷ್ಟೇ ನಂಬದೆ ಬಿಲ್ಲೆಯ ಹಿಂಬದಿಯ ಭಾಷೆಯನ್ನೂ ಓದಬೇಕು.

ಗುಚ್ಛದ ರಚನೆಯಿಂದಲೇ ಜೀವನಚರಿತ್ರೆಯ ಕೆಲವು ಎಳೆಗಳು ದೊರೆಯುತ್ತವೆ. 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಪುಣೆಯ ಆರನೆಯ ಡಿವಿಜನ್ನಿನೊಂದಿಗೆ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಹೋರಾಡಿ ಕುಟ್ ಅಲ್ ಅಮಾರಾ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಕೊಂಡವು. 1915ರ ಡಿಸೆಂಬರ್ 7ರಂದು ಆರಂಭವಾದ ಮುತ್ತಿಗೆ 1916ರ ಏಪ್ರಿಲ್ 29ರಂದು ಶರಣಾಗತಿಯಲ್ಲಿ ಮುಗಿದಾಗ ಸುಮಾರು 13,000 ಮಂದಿ ಸೆರೆಸಿಕ್ಕರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಈ ಮೂರು ಪಲ್ಟನ್ನುಗಳ ಹೆಸರಿನೊಂದಿಗೆ 1914-15ರ ನಕ್ಷತ್ರವಿದ್ದರೆ, ಆ ಸೈನಿಕನು ಕುಟ್ ಮುತ್ತಿಗೆಯಲ್ಲಿದ್ದನೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಸಾಕಷ್ಟು ಆಧಾರವಿದೆ. ನಕ್ಷತ್ರವಿಲ್ಲದೆ ಉಳಿದೆರಡೇ ಸಂದಿದ್ದರೆ ಅವನು 1916 ಅಥವಾ ಅನಂತರ ರಣಭೂಮಿಗೆ ಹೋದವನು. ಆದರೆ ಇದು ಊಹೆಯ ಮಟ್ಟದ್ದು. ನಕ್ಷತ್ರವೇ ಕಳೆದುಹೋಗಿರಬಹುದಾದುದರಿಂದ ಪದಕವಿತರಣೆಯ ಪಟ್ಟಿಗಳೊಡನೆ ತಾಳೆ ನೋಡದೆ ತೀರ್ಮಾನಿಸಲಾಗದು.

ಮಡಿದವರ ಮನೆಗಳಿಗೆ ಇವುಗಳ ಜೊತೆಗೆ ಸುಮಾರು 120 ಮಿಲಿಮೀಟರ್ ವ್ಯಾಸದ ಕಂಚಿನ ಸ್ಮಾರಕ ಫಲಕವೂ ಬರುತ್ತಿತ್ತು. ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ರೂಪಿಸಿದ ಈ ಫಲಕದಲ್ಲಿ ಸಾವಿನಲ್ಲಿ ಎಲ್ಲರೂ ಸಮಾನರೆಂಬ ಭಾವದಿಂದ ಹುದ್ದೆಯನ್ನೇ ಬರೆಯದೆ ಹೆಸರನ್ನಷ್ಟೇ ಮೂಡಿಸಲಾಗಿದೆ. ಇರಾಕಿನ ಬಸ್ರಾ ಸ್ಮಾರಕದ ಮೂಲ ಫಲಕಗಳಲ್ಲಾದರೋ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಮಾತ್ರ ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಬರಿಯ ಸಂಖ್ಯೆಯಲ್ಲಿ ತೋರಿಸಲಾಯಿತು. ಯಾವ ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಟ್ಟರೋ ಅದರ ಸ್ಮಾರಕವೇ ಕೆತ್ತದೆ ಬಿಟ್ಟ ಹೆಸರುಗಳು ಮನೆಯ ಪೆಟ್ಟಿಗೆಯಲ್ಲಿರುವ ಪದಕದ ಅಂಚಿನಲ್ಲಿವೆ ಎಂಬುದು ಇವುಗಳ ಚಾರಿತ್ರಿಕ ಮಹತ್ವವನ್ನು ಎತ್ತಿ ತೋರಿಸುತ್ತದೆ.

ಎರಡನೆಯ ಮಹಾಯುದ್ಧದ ಪದಕಗಳು

ಈ ಯುದ್ಧದ ನಕ್ಷತ್ರಗಳು ಹಳದಿ ಛಾಯೆಯ ಮಿಶ್ರಲೋಹದ ಆರು ಮೊನೆಯವು. 1939-45, ಆಫ್ರಿಕಾ, ಬರ್ಮಾ, ಇಟಲಿ ಎಂಬ ಹೆಸರುಗಳು ಅವುಗಳ ಮೇಲೆಯೇ ಇವೆ. ಬ್ರಿಟನ್ನಿನ ಸೈನಿಕರಿಗೆ ಇವನ್ನು ಹೆಸರು ಕೆತ್ತದೆ ಕೊಡಲಾಯಿತು. ಭಾರತೀಯ ಸೈನಿಕರಿಗೆ ಹೆಸರು ಸಹಿತ ಕೊಟ್ಟರು. ಹೆಸರಿಲ್ಲದ ನಕ್ಷತ್ರವೊಂದು ಸೈನಿಕ ಮನೆತನದಲ್ಲಿ ಸಿಕ್ಕರೆ ಅದು ಕಳೆದದ್ದರ ಬದಲಿಗೆ ಪೇಟೆಯಲ್ಲಿ ಕೊಂಡದ್ದೇ ಎಂದು ವಿಚಾರಿಸಬೇಕು. ಮರಾಠಾ ರೆಜಿಮೆಂಟಿನ ಮೂರನೆಯ ಬಟಾಲಿಯನ್ 1941ರಲ್ಲಿ ಎರಿಟ್ರಿಯಾದ ಕೆರೆನ್ ಕದನದಲ್ಲೂ ಮುಂದೆ ಇಟಲಿಯಲ್ಲೂ ಹೋರಾಡಿತು. ನಾಲ್ಕನೆಯದು 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನೀಯರನ್ನು ಎದುರಿಸಿತು. ಆಫ್ರಿಕಾ ಮತ್ತು ಇಟಲಿ ನಕ್ಷತ್ರಗಳು ಒಟ್ಟಿಗಿರುವುದೂ ಬರ್ಮಾ ನಕ್ಷತ್ರ ಒಂಟಿಯಾಗಿರುವುದೂ ಹೀಗೆ ಬೇರೆ ಬೇರೆ ದಾರಿಗಳನ್ನು ಸೂಚಿಸುತ್ತವೆ. ಈ ರೆಜಿಮೆಂಟಿಗೆ ಇಟಲಿಯ ರಣಭೂಮಿಯಲ್ಲೇ ಎರಡು ವಿಕ್ಟೋರಿಯಾ ಕ್ರಾಸ್‌ಗಳು ಸಂದವು: 1944ರ ಜುಲೈ 10ರ ಸಾಹಸಕ್ಕೆ ನಾಯಕ್ ಯಶವಂತ ಘಾಡ್ಗೆಗೆ ಮರಣೋತ್ತರವಾಗಿ, 1945ರ ಏಪ್ರಿಲ್ 9ರ ಸಾಹಸಕ್ಕೆ ಸಿಪಾಯಿ ನಾಮದೇವ ಜಾಧವರಿಗೆ. ಗುಚ್ಛದ ಕೊನೆಯಲ್ಲಿ ಕೇಸರಿ, ಬಿಳಿ, ಹಸಿರು ರಿಬ್ಬನ್ನಿನ 1947ರ ಸ್ವಾತಂತ್ರ್ಯ ಪದಕವಿದ್ದರೆ, ಆ ಸೈನಿಕನ ಸೇವೆ ಎರಡು ರಾಜ್ಯವ್ಯವಸ್ಥೆಗಳನ್ನು ಕಂಡಿತೆಂದು ನಿಶ್ಚಯವಾಗುತ್ತದೆ.

ಪೋರ್ಚುಗೀಸ್ ಮತ್ತು ಟಿಬೆಟ್ ಪದಕಗಳು

ಪೋರ್ಚುಗೀಸ್ ಗೌರವಗಳನ್ನು ಮೊದಲು ಬಣ್ಣ ಮತ್ತು ಶಿಲುಬೆಯ ಆಕಾರದಿಂದ ಗುರುತಿಸಬೇಕು. ಕ್ರಿಸ್ತೊ ಆರ್ಡರಿಗೆ ಒಳಗೆ ಬಿಳಿ ಶಿಲುಬೆಯಿರುವ ಕೆಂಪು ಶಿಲುಬೆ, ಆವಿಸ್ ಆರ್ಡರಿಗೆ ತುದಿಗಳಲ್ಲಿ ಹೂವಿನಂತೆ ಅರಳಿದ ಹಸಿರು ಶಿಲುಬೆ, ಸಾಂತಿಯಾಗೊ ಆರ್ಡರಿಗೆ ಕತ್ತಿಯಾಕಾರದ ಕೆಂಪು ಶಿಲುಬೆ ಲಾಂಛನ. 1910ರ ಅಕ್ಟೋಬರ್ 5ರಂದು ಪೋರ್ಚುಗಲ್ ಗಣರಾಜ್ಯವಾದುದು ಇಲ್ಲಿನ ಕಾಲರೇಖೆ: ರಾಜನ ಹೆಸರಿರುವ ಪದಕ ಅದಕ್ಕಿಂತ ಹಿಂದಿನದು, ಗಣರಾಜ್ಯದ ಹೆಸರಿರುವುದು ಅನಂತರದ್ದು.

1903-04ರಲ್ಲಿ ಬ್ರಿಟಿಷರು ಲ್ಹಾಸಾಕ್ಕೆ ನಡೆಸಿದ ದಂಡಯಾತ್ರೆಯ ಪದಕದ ಹಿಂಬದಿಯಲ್ಲಿ ಪೋತಾಲಾ ಅರಮನೆಯ ಚಿತ್ರವಿದೆ. ಸೈನಿಕರಿಗೆ ಬೆಳ್ಳಿ, ಹೊರೆಯಾಳು ಮೊದಲಾದ ಪರಿಚಾರಕರಿಗೆ ಕಂಚು. ಚಿತ್ರವನ್ನು ನೋಡಿ ಇದನ್ನು ಟಿಬೆಟಿನವರೇ ಮಾಡಿದ ಪದಕವೆಂದು ಭಾವಿಸುವ ಸಂಭವವಿದೆ. ಮುಂಡಗೋಡದಂಥಲ್ಲಿ ಇಂಥದೊಂದು ದೊರೆತರೆ ಅದು ಊರಿನ ಸೈನಿಕನದೋ, ಹಿಮಾಲಯದಾಚೆಯಿಂದ ವಲಸೆ ಬಂದವರ ಸಾಮಾನಿನೊಂದಿಗೆ ಬಂದದ್ದೋ ಎಂದು ಕೇಳಬೇಕು. ವಸ್ತು ಸಿಕ್ಕಿದ ಜಾಗವೇ ಅದರ ಇತಿಹಾಸದ ಜಾಗವಲ್ಲ.

ನಕಲು, ರಕ್ಷಣೆ ಮತ್ತು ಕಾನೂನು

ಅಚ್ಚೊತ್ತಿದ ಅಸಲು ಪದಕದ ಗೆರೆಗಳು ಚೂಪಾಗಿರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮಂಕಾಗಿ, ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಕಾಣುತ್ತವೆ. ಹಳೆಯ ಹೆಸರನ್ನು ಅರದಿಂದ ಉಜ್ಜಿ ಹೊಸದನ್ನು ಕೆತ್ತಿದ್ದರೆ ವ್ಯಾಸ ಕೊಂಚ ಕುಗ್ಗಿರುತ್ತದೆ. ಅಳತೆಯ ಉಪಕರಣದಿಂದ ನಾಲ್ಕು ಕಡೆ ಅಳೆದರೆ ಇದು ಹೊರಬೀಳುತ್ತದೆ. ಹುಣಸೆಹಣ್ಣು, ಬೂದಿ ಅಥವಾ ಪಾಲಿಶ್ ಹಚ್ಚಿ ಹೊಳಪಿಸುವುದು ಎಲ್ಲಕ್ಕಿಂತ ದೊಡ್ಡ ಹಾನಿ, ಏಕೆಂದರೆ ಪ್ರತಿ ಉಜ್ಜಿನಲ್ಲೂ ಅಂಚಿನ ಅಕ್ಷರಗಳು ಸವೆಯುತ್ತವೆ. ಜೋಯಿಡಾದಂಥ ಭಾರಿ ಮಳೆಯ ತಾಲ್ಲೂಕಿನಲ್ಲಿ ರಿಬ್ಬನ್ನಿಗೆ ಬೂಸು, ಕಂಚಿಗೆ ಕಿಲುಬು ಬೇಗ ತಗಲುವುದರಿಂದ ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಇಡುವುದು ಒಳ್ಳೆಯದು. ಒಬ್ಬನಿಗೆ ಸಂದ ಗುಚ್ಛವನ್ನು ಮಕ್ಕಳು ಪಾಲು ಹಂಚಿಕೊಂಡರೆ ಪರಸ್ಪರ ಸಾಕ್ಷಿ ನುಡಿಯುವ ಪದಕಗಳು ಚದುರುತ್ತವೆ. ಹಂಚುವ ಮೊದಲೇ ಒಟ್ಟಿಗೆ ಛಾಯಾಚಿತ್ರ ತೆಗೆದಿಡಬೇಕು.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಚಾರಿತ್ರಿಕ ವಸ್ತುವು ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಒಳಪಡುತ್ತದೆ; ಖಾಸಗಿ ವ್ಯಕ್ತಿ ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸನ್ನು ದಾಟುತ್ತಿರುವುದನ್ನು ಸಂಗ್ರಾಹಕರೂ ಸರಾಫರೂ ಮನಗಾಣಬೇಕು.

ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಕಾರ್ಯಕ್ರಮ ರೂಪುಗೊಳ್ಳುತ್ತದೆ. ಪ್ರತಿ ಪದಕದ ಎರಡೂ ಮುಖಗಳನ್ನು ಅಳತೆಪಟ್ಟಿಯೊಂದಿಗೆ, ಅಂಚಿನ ಬರಹವನ್ನು ಓರೆಬೆಳಕಿನಲ್ಲಿ ಚಿತ್ರಿಸಿಕೊಳ್ಳಬೇಕು; ವ್ಯಾಸ, ತೂಕ, ಲೋಹ, ರಿಬ್ಬನ್ ಮತ್ತು ಬರಹವನ್ನು ಇದ್ದಂತೆಯೇ ನಕಲಿಸಬೇಕು; ಮನೆಯ ಹಿರಿಯರ ಹೇಳಿಕೆ, ಪಿಂಚಣಿ ಪುಸ್ತಕ ಮತ್ತು ಬಿಡುಗಡೆ ಪತ್ರಗಳನ್ನು ಅದರೊಡನೆ ಸೇರಿಸಬೇಕು; ಬಳಿಕ ಭಾರತ ಸರ್ಕಾರದ ಹಳೆಯ ಗೆಜೆಟ್ಟುಗಳು, ರಾಷ್ಟ್ರೀಯ ಪತ್ರಾಗಾರ, ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳು ಮತ್ತು ಬೆಳಗಾವಿಯ ರೆಜಿಮೆಂಟಿನ ಸಂಗ್ರಹಾಲಯಗಳಲ್ಲಿ ತಾಳೆ ನೋಡಬೇಕು. ಪದಕ ಮಾತ್ರ ಮನೆಯಲ್ಲೇ ಉಳಿಯಲಿ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳೂ ಮಾಜಿ ಸೈನಿಕರ ಸಂಘಗಳೂ ಕೈಜೋಡಿಸಿ, ಅಂಚಿನ ಅಕ್ಷರಗಳು ಸವೆದುಹೋಗುವ ಮೊದಲೇ ಮನೆಮನೆಯ ಪದಕಪಟ್ಟಿಯನ್ನು ಸಿದ್ಧಪಡಿಸುವುದು ತುರ್ತಾಗಿ ಆಗಬೇಕಾದ ಕೆಲಸ.