ಹಿಂಕಿಯನ್ನು ನಂಬಬಹುದಿತ್ತೇ?

2013ರ ಮೇ ತಿಂಗಳಲ್ಲಿ ಸ್ಯಾಮ್ ಹಿಂಕಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿ ಬಂದಾಗ, ನಾನು ನೆಲೆಸಿರುವ ಈ ಊರು ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಪಟ್ಟ ಕಂಡು 30 ವರ್ಷವಾಗಿತ್ತು. 1983ರ ಜೂಲಿಯಸ್ ಇರ್ವಿಂಗ್, ಮೋಸೆಸ್ ಮಲೋನ್ ಹೆಸರು ಹೇಳಿಕೊಂಡೇ ಜನ ಕಾಲ ತಳ್ಳುತ್ತಿದ್ದರು. ತಂಡ ಪಟ್ಟ ಗೆಲ್ಲುವಂಥದ್ದೂ ಅಲ್ಲ, ತೀರಾ ನೆಲಕಚ್ಚಿದ್ದೂ ಅಲ್ಲ. ಹೀಗೆ ನಡುವೆ ಸಿಕ್ಕಿಕೊಂಡದ್ದೇ ರೋಗ ಎಂಬುದು ಹಿಂಕಿಯ ಲೆಕ್ಕ.

ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿಗೆ ಮೊದಲು ಲಾಟರಿ ಎತ್ತುತ್ತಾರೆ. ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಆಗ ಶೇ 25 ಇತ್ತು. ಹಾಗಾಗಿ ಕೆಲವು ವರ್ಷ ಸೋತು ಒಳ್ಳೆಯ ಹೊಸಬರನ್ನು ಪಡೆಯುವುದೇ ಹಿಂಕಿಯ ಉಪಾಯ. ಬಂದ ವರ್ಷದ ಡ್ರಾಫ್ಟ್ ರಾತ್ರಿಯೇ ಹಿಂಕಿ ತಂಡದ ಒಳ್ಳೆಯ ಆಟಗಾರ ಜ್ರೂ ಹಾಲಿಡೇಯನ್ನು ನ್ಯೂ ಆರ್ಲಿಯನ್ಸಿಗೆ ಕೊಟ್ಟು, ಮೊಣಕಾಲಿಗೆ ಪೆಟ್ಟಾಗಿದ್ದ ನರ್ಲೆನ್ಸ್ ನೋಯಲ್‌ನನ್ನೂ ಮುಂದಿನ ವರ್ಷದ ಒಂದು ಆಯ್ಕೆಯನ್ನೂ ಪಡೆದರು. ಆ ವರ್ಷ 82 ಪಂದ್ಯಗಳಲ್ಲಿ 19 ಗೆಲುವು, ಮರುವರ್ಷ 18. ಅಭಿಮಾನಿಗಳು 'ಟ್ರಸ್ಟ್ ದ ಪ್ರೋಸೆಸ್' (ಈ ಪ್ರಕ್ರಿಯೆಯನ್ನು ನಂಬಿ) ಎಂದು ಘೋಷಣೆ ಕೂಗುತ್ತಾ ಸಹಿಸಿಕೊಂಡರು. ನಾನೂ ಕೂಗಿದವನೇ.

2015ರ ಡಿಸೆಂಬರ್ 1ರಂದು ಲೇಕರ್ಸ್ ತಂಡ ಇಲ್ಲಿಗೆ ಆಡಲು ಬಂದಿತ್ತು. ಇದೇ ಊರಿನ ಮಗ್ಗುಲಿನ ಲೋವರ್ ಮೇರಿಯನ್ ಶಾಲೆಯಲ್ಲಿ ಬೆಳೆದ, ಆ ತಂಡದ ತಾರೆ ಕೋಬಿ ಬ್ರಯಂಟ್‌ಗೆ ಇಲ್ಲಿ ಅದು ಕೊನೆಯ ಪಂದ್ಯ. ಆಟ ಶುರುವಾಗುವ ಮೊದಲು ಇರ್ವಿಂಗ್ ಬಂದು, ಕಟ್ಟು ಹಾಕಿಸಿದ ಆ ಶಾಲೆಯ ಜೆರ್ಸಿಯನ್ನು ಅವರ ಕೈಗಿತ್ತರು. ಕ್ರೀಡಾಂಗಣವೆಲ್ಲ ಎದುರಾಳಿಯ ಹೆಸರನ್ನೇ ಕೂಗುತ್ತಿತ್ತು. ಹಿಂದಿನ ಋತುವಿನದೂ ಸೇರಿ ಸತತ 28 ಪಂದ್ಯ ಸೋತಿದ್ದ ನಮ್ಮ ಹುಡುಗರು ಅಂದು 103–91ರಲ್ಲಿ ಗೆದ್ದರು. ಹೆಚ್ಚು ಅಂಕ ಗಳಿಸಿದ ರಾಬರ್ಟ್ ಕವಿಂಗ್ಟನ್ ಡ್ರಾಫ್ಟಿನಲ್ಲಿ ಯಾರೂ ಕೈಹಿಡಿಯದಿದ್ದ ಹುಡುಗ. ಅವನನ್ನು ಹುಡುಕಿ ತಂದದ್ದು ಹಿಂಕಿ. ಅಂಥ ಕಣ್ಣು ಅವರಿಗಿತ್ತು.

ಆದರೆ ಇಪ್ಪತ್ತರ ಆಸುಪಾಸಿನ ಆ ಹುಡುಗರಿಗೆ ಬುದ್ಧಿ ಹೇಳುವ ಹಿರಿಯ ಆಟಗಾರರೇ ತಂಡದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದಿನಾ ಸೋಲಿನ ಕಾರಣ ಹೇಳಬೇಕಾದದ್ದು ಕೋಚ್ ಬ್ರೆಟ್ ಬ್ರೌನ್. ಹಿಂಕಿ ಬಾಯಿಬಿಡುತ್ತಿದ್ದದ್ದೇ ಅಪರೂಪ. ನನಗೆ ನೋವಾದದ್ದು ಸೋಲಿನಿಂದಲ್ಲ, ಈ ಮೌನದಿಂದ. ಕೊನೆಗೆ ಅವರು ಮನಬಿಚ್ಚಿದ್ದು 2016ರ ಏಪ್ರಿಲ್‌ನ 13 ಪುಟಗಳ ರಾಜೀನಾಮೆ ಪತ್ರದಲ್ಲಿ, ಅದೂ ಹಣ ಹೂಡಿದವರನ್ನು ಉದ್ದೇಶಿಸಿ. ಟಿಕೆಟ್ ಕೊಂಡವರಿಗೆ ಒಂದು ಮಾತೂ ಬೇಡವೇ? ಆ ಋತು 10 ಗೆಲುವಿಗೆ ಮುಗಿಯಿತು.

ಲೆಕ್ಕ ಅರ್ಧ ಫಲಿಸಿತು. 2014ರಲ್ಲಿ ಹಿಂಕಿ ಆರಿಸಿದ್ದ, ಪಾದದ ಮೂಳೆ ಮುರಿದು ಎರಡು ಋತು ಆಡದೇ ಕುಳಿತಿದ್ದ ಜೋಯೆಲ್ ಎಂಬೀಡ್ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. ಇತ್ತ ಸೋತು ಲಾಭ ಪಡೆಯುವುದನ್ನು ತಡೆಯಲು ಲೀಗ್ 2019ರಿಂದ ಲಾಟರಿಯ ನಿಯಮವನ್ನೇ ಬದಲಿಸಿ, ಕೊನೆಯ ಮೂರು ತಂಡಗಳಿಗೆ ತಲಾ ಶೇ 14ರ ಅವಕಾಶವಷ್ಟೇ ಇಟ್ಟಿತು.

ಆಟಗಾರರನ್ನು ಆರಿಸುವ ಕೆಲಸವನ್ನು ಇವತ್ತಿಗೂ ಹಿಂಕಿಗೆ ನಂಬಿ ಕೊಡುತ್ತೇನೆ. ಆರಿಸಿದ ಹುಡುಗರನ್ನು ಬೆಳೆಸುವ ಕೆಲಸವನ್ನು ಮಾತ್ರ ಅವರಿಗೆ ಒಪ್ಪಿಸಲಾರೆ.